ಕುರಿಮರಿ ತೂಗುವ ಕಾಟಾದ ಮೇಲೆ ವಾಲ್ವ್ ಸ್ಪ್ರಿಂಗ್

ಗೋಕಾಕದಲ್ಲಿ ನನ್ನದೊಂದು ಗ್ಯಾರೇಜು. ತಂಗಿ ಹುಕ್ಕೇರಿಯಲ್ಲಿ ಶಿಕ್ಷಕಿ, ಬುಲೆಟ್ ಓಡಿಸುತ್ತಾಳೆ. ಹೆದ್ದಾರಿಯಲ್ಲಿ ಜೋರು ಬಿಟ್ಟರೆ ಗಾಡಿ ಉಸಿರು ಕಟ್ಟುತ್ತದೆ ಎಂದು ವರ್ಷದಿಂದ ನನ್ನ ತಲೆ ತಿನ್ನುತ್ತಿದ್ದಳು. ಕೊನೆಗೆ ಎಂಜಿನ್ನಿಗೆ ಗಾಳಿ ಬಿಡುವ ವಾಲ್ವಿಗೆ ಬಲವಾದ ಸ್ಪ್ರಿಂಗ್ ಹಾಕಿಕೊಟ್ಟೆ.

ಇದಕ್ಕೊಂದು ಮಿತಿಯಿದೆ. ಸ್ಪ್ರಿಂಗ್ ಸಡಿಲಾದರೆ ವೇಗದಲ್ಲಿ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ಬಿಗಿ ಹೆಚ್ಚಾದರೆ ವಾಲ್ವನ್ನು ಎತ್ತುವ ಹೈಡ್ರಾಲಿಕ್ ಲಿಫ್ಟರ್ ಸೋಲುತ್ತದೆ. ಅದರ ಹೊಟ್ಟೆಯಲ್ಲಿರುವುದು ಬರೀ ಎಣ್ಣೆ. ಭಾರ ಮೀರಿದರೆ ಎಣ್ಣೆ ಹಿಂಡಿಹೋಗಿ ಬಡಿತ ಶುರುವಾಗುತ್ತದೆ, ಆಮೇಲೆ ಏನಾದರೊಂದು ಮುರಿಯುತ್ತದೆ. ಓಡುವಾಗ ಎಂಜಿನ್ ಹಿಡಿದುಕೊಂಡರೆ ಹಿಂದಿನ ಗಾಲಿ ಗಕ್ಕನೆ ನಿಲ್ಲುತ್ತದೆ. ಹಾಗೆ ಬಿದ್ದವನೊಬ್ಬನನ್ನು ಮೂಡಲಗಿ ರಸ್ತೆಯಲ್ಲಿ ನಾನೇ ಎತ್ತಿದ್ದೆ. ಅವನು ಉಳಿಯಲಿಲ್ಲ.

ಸ್ಪ್ರಿಂಗಿನ ಒತ್ತಡ ಅಳೆಯುವ ಯಂತ್ರ ನನ್ನಲ್ಲಿಲ್ಲ. ಪಕ್ಕದ ಮನೆಯಲ್ಲಿ ಕುರಿ ಸಾಕುವ ಕಾಕಾನ ಮುಳ್ಳಿನ ಕಾಟಾ ತಂದೆ. ಡ್ರಿಲ್ ಪ್ರೆಸ್ಸಿನ ಕೆಳಗೆ ಅದರ ಮೇಲೆ ಸ್ಪ್ರಿಂಗ್ ಇಟ್ಟು, ವಾಲ್ವ್ ಪೂರ್ತಿ ತೆರೆದಾಗಿನ ಎತ್ತರಕ್ಕೆ ಒತ್ತಿದೆ. ಮುಳ್ಳು ಲಿಫ್ಟರ್ ತಾಳುವ ಮಿತಿಯ ಹತ್ತಿರ ಬರುವತನಕ, ಬಿಗಿ ಹೆಚ್ಚಿಸಲು ಅಡಿಗೆ ವಾಶರ್ ಸೇರಿಸುತ್ತ ಹೋದೆ. ಆ ವಾಶರ್ ಸಮೇತ ಸ್ಪ್ರಿಂಗನ್ನು ಎಂಜಿನ್ನಿಗೆ ಕೂಡಿಸಿ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ತಂಗಿ ಗಾಡಿ ಪರೀಕ್ಷಿಸಲು ಗ್ಯಾರೇಜಿನಿಂದಲೇ ಸಂಕೇಶ್ವರದ ಹೆದ್ದಾರಿ ಕಡೆ ಹೊರಟಳು. ತಾಸಿನ ಮೇಲೆ ಕಾಕಾ ಕಾಟಾ ಒಯ್ಯಲು ಬಂದ.

"ತೊಟ್ಲಾ ಇಟ್ಟ ತೂಗಿದಿಲ್ಲೋ?"

"ಯಾವ ತೊಟ್ಲಾ?"

"ಮರಿ ನಿಲ್ಲಸೂ ಕಬ್ಬಣದ ತೊಟ್ಲಾ. ಹನ್ನೆರಡ ಕೇಜಿ ಐತಿ. ಅದರ ತೂಕ ಕಳದ ಮುಳ್ಳ ಸೊನ್ನಿಗೆ ಕೂಡ್ಸೀನಿ."

ತೊಟ್ಟಿಲಿಲ್ಲದಾಗ ಮುಳ್ಳು ಸೊನ್ನೆಗಿಂತ ಹಿಂದೆ ಸರಿಯಬೇಕಿತ್ತು. ಸೊನ್ನೆಯ ಬಳಿಯ ಮೊಳೆ ಅದನ್ನು ತಡೆದಿತ್ತು, ನಾನು ಸೊನ್ನೆ ನೋಡಿ ನಂಬಿದ್ದೆ. ಅಂದರೆ ಕಾಟಾ ತೋರಿಸಿದ್ದಕ್ಕಿಂತ ಹನ್ನೆರಡು ಕೇಜಿ ಹೆಚ್ಚಿನ ಒತ್ತಡ ಆ ಎಂಜಿನ್‌ನಲ್ಲಿತ್ತು. ಅದರ ಮೇಲೆ ನನ್ನ ತಂಗಿ ಕುಳಿತಿದ್ದಳು.

ಫೋನ್ ಹಚ್ಚಿದೆ, ಮತ್ತೆ ಹಚ್ಚಿದೆ. ಹೆಲ್ಮೆಟ್ಟಿನೊಳಗೆ ಅವಳಿಗೆಲ್ಲಿ ಕೇಳಬೇಕು! ವ್ಯಾನು ತೆಗೆದೆ. ಹುಕ್ಕೇರಿ ದಾಟುವಾಗ ರಸ್ತೆ ಬದಿ ನಾಲ್ಕು ಜನ ಗುಂಪಾಗಿ ನಿಂತಿದ್ದರು. ಬ್ರೇಕ್ ಒತ್ತಿ, ಇಳಿದು ಓಡಿದೆ. ಅವರು ಬಸ್ಸಿಗೆ ಕಾಯುತ್ತಿದ್ದವರು. ಅಲ್ಲಿಂದ ಮುಂದೆ ನನಗೆ ಪ್ರತಿ ಗುಂಪೂ ಹೆಣದ ಸುತ್ತಲಿನ ಗುಂಪೇ.

ಕಣಗಲಾದ ಚಹಾದಂಗಡಿಯ ಮುಂದೆ ಅವಳು ಆರಾಮಾಗಿ ಚಹಾ ಕುಡಿಯುತ್ತ ನಿಂತಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ಫೋನ್ ಎತ್ತಾಕ ಏನ್ ಧಾಡಿ ನಿನಗ? ಗಾಡಿ ಸಪ್ಪಳಾ ಮಾಡ್ಲಿಲ್ಲೇನ?"

"ಮಾಡ್ತಪಾ. ಸಂಕೇಶ್ವರ ದಾಟಿದ ಮ್ಯಾಲ ಟಕ್ ಟಕ್ ಅನ್ನಾಕತ್ತಿತ್ತು. ನೀ ಕೈ ಹಚ್ಚಿದ್ದಲ್ಲಾ, ಹೊಸಾ ಸ್ಪ್ರಿಂಗ್ ಹಿಂಗ ಇರಬೇಕ ಅಂತ ಇನ್ನೂ ಜೋರ ಬಿಟ್ಟೆ."

ಅಂಗಡಿಯವನು ಕೆಟ್ಟ ಸ್ಪ್ರಿಂಗ್ ಕೊಟ್ಟ ಎಂಬ ಸುಳ್ಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಅದು ಬಾಯಿಗೆ ಬರಲಿಲ್ಲ. ಕಾಟಾ, ತೊಟ್ಟಿಲು, ಮೊಳೆ ಎಲ್ಲ ಹೇಳಿದೆ. ಮೂಡಲಗಿಯವನ ಸುದ್ದಿಯನ್ನೂ ಹೇಳಿದೆ. ಅವಳು ಚಹಾ ಅರ್ಧಕ್ಕೆ ಕೆಳಗಿಟ್ಟಳು.

ಗಾಡಿಯನ್ನು ವ್ಯಾನಿಗೆ ಏರಿಸಿದೆವು. ನಾನು ನಿಧಾನವಾಗಿಯೇ ಓಡಿಸಿದೆ. ಗೋಕಾಕ ಮುಟ್ಟುವವರೆಗೆ ಅವಳು ನನ್ನ ಪಕ್ಕದ ಸೀಟಿನಲ್ಲಿ ಹೆಲ್ಮೆಟ್ ಹಾಕಿಕೊಂಡೇ ಕುಳಿತಿದ್ದಳು.