ಯಾರೂ ಇಲ್ಲದವರ ಕಡೆಯವಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಆಸ್ಪತ್ರೆಯ ಹಜಾರವನ್ನು ಒರೆಸುತ್ತಾ ಬಂದ ಹೆಂಗಸು ಆಪರೇಷನ್ ಥಿಯೇಟರಿನ ಬಾಗಿಲ ಬಳಿ ನಿಲ್ಲುತ್ತಾರೆ. ಸ್ಟ್ರೆಚರಿನ ಮೇಲೆ ವಯಸ್ಸಾದ ಮಹಿಳೆಯೊಬ್ಬರು ಚಾವಣಿಯನ್ನೇ ನೋಡುತ್ತಾ ಮಲಗಿದ್ದಾರೆ. ಜೊತೆಗೆ ಯಾರೂ ಇಲ್ಲ. ಈಕೆ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಅವರ ಬೆರಳು ಹಿಡಿಯುತ್ತಾರೆ.

“ನಾನು ಇಲ್ಲೇ ಹೊರಗಿರ್ತೀನಿ. ಕಣ್ಬಿಟ್ಟಾಗ ಮೊದಲು ಕಾಣೋದು ನನ್ನ ಮುಖಾನೇ. ಚೆನ್ನಾಗಿಲ್ಲ ಅಂತ ಮತ್ತೆ ಮುಚ್ಕೊಂಡ್ಬಿಡಬೇಡಿ!”

ಆ ಮಹಿಳೆ ನಗುತ್ತಾರೆ. ಬಾಗಿಲು ಮುಚ್ಚುತ್ತದೆ.

ಆಸ್ಪತ್ರೆಯಲ್ಲಿ ಈಕೆ ಎಲ್ಲರಿಗೂ ‘ಅಕ್ಕ’. ಗುತ್ತಿಗೆ ಕೆಲಸ. ಗಂಡ ತೀರಿಕೊಂಡ ವರ್ಷ ಸೇರಿದವರು, ಈಗ ತಲೆ ಅರ್ಧ ನರೆತಿದೆ. ಮನೆಯಲ್ಲಿ ಕಣ್ಣು ಮಂದವಾದ ಅತ್ತೆಯಿದ್ದಾರೆ. “ಇವಳ ತವರು ದಿನಾ ಬೆಳೀತಾ ಇದೆ. ಇಷ್ಟು ಜನ ಅಣ್ಣಂದಿರು, ಒಬ್ಬನಾದ್ರೂ ಒಂದು ಹಣ್ಣು ಹಿಡ್ಕೊಂಡು ಮನೆಗೆ ಬಂದಿದಾನಾ ಕೇಳಿ!” ಎಂದು ಅತ್ತೆ ಸೊಸೆಯನ್ನು ಕಾಡಿಸುತ್ತಾರೆ.

ಈ ‘ಅಣ್ಣಂದಿರ’ ಕಥೆ ಶುರುವಾದದ್ದು ಒಬ್ಬ ಲಾರಿ ಡ್ರೈವರ್‌ನಿಂದ. ಕರುಳು ಒಡೆದು ಹಿಂದಿನ ಸಂಜೆಯೇ ದಾಖಲಾಗಿದ್ದ ಆತನಿಗೆ ಆಪರೇಷನ್ ಆಗಲೇಬೇಕಿತ್ತು. ಆದರೆ ರೋಗಿಯ ಕಡೆಯವರು ಒಬ್ಬರಾದರೂ ಒಪ್ಪಬೇಕು, ಜೊತೆಗಿರಬೇಕು ಎಂಬುದು ನಿಯಮ. ಆತ ಮನೆಯವರೊಡನೆ ಮುನಿಸಿಕೊಂಡು ಊರೂರು ಅಲೆದವನು. ಯಾರ ವಿಳಾಸವನ್ನೂ ಹೇಳಲೊಲ್ಲ. ಬೆಳಿಗ್ಗೆ ಕೆಲಸಕ್ಕೆ ಬಂದ ಅಕ್ಕ ಆತನ ನರಳಾಟ ನೋಡಲಾರದೆ ಡಾಕ್ಟರ ಎದುರು ಹೋಗಿ ನಿಂತರು.

“ನಾನು ಇವರ ತಂಗಿ ಸಾರ್ ಅಂದ್ಬಿಟ್ಟೆ. ಬಾಯಿಗೆ ಹಾಗೇ ಬಂತು.”

ಡಾಕ್ಟರು ಸಮವಸ್ತ್ರದಲ್ಲಿದ್ದ ಈ ‘ತಂಗಿ’ಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರಂತೆ. ಆಮೇಲೆ, ರೋಗಿಯನ್ನು ಒಳಗೆ ತನ್ನಿ ಎಂದರಂತೆ.

ಡ್ರೈವರ್ ಉಳಿಯಲಿಲ್ಲ. ಮರುದಿನ ತೀರಿಕೊಂಡ. ಪೊಲೀಸರು ಮನೆಯವರನ್ನು ಪತ್ತೆ ಹಚ್ಚಿದ ಮೇಲೆ ಬಂದ ಮಗ ಹಜಾರದಲ್ಲೇ ಕೂಗಾಡಿದ: “ನಮ್ಮಪ್ಪಂಗೆ ತಂಗೀನೇ ಇಲ್ಲ. ಹೂಂ ಅನ್ನೋಕೆ ಯಾರು ಈಯಮ್ಮ?”

“ಅವನ ಸಿಟ್ಟು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ,” ಎನ್ನುತ್ತಾರೆ ಅಕ್ಕ. “ನಮ್ಮಪ್ಪಂಗೆ ಯಾರೋ ಹಾಗೆ ಮಾಡಿದ್ರೆ ನಾನೂ ಕೂಗಾಡ್ತಿದ್ದೆ.”

ವಿಚಾರಣೆ ನಡೆಯಿತು. ಅಕ್ಕನನ್ನು ವಾರ್ಡಿನಿಂದ ತೆಗೆದು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಕೆಲಸ ಇಂದು ಹೋಗುತ್ತದೋ ನಾಳೆಯೋ ಎಂಬ ಭಯದಲ್ಲೇ ದಿನ ದೂಡುತ್ತಿದ್ದಾಗ ಒಂದು ಮಧ್ಯಾಹ್ನ ಡ್ರೈವರನ ಮಗಳು ಮೆಟ್ಟಿಲಿಳಿದು ಬಂದಳು. ಅಣ್ಣನಂತೆ ಕೂಗಾಡಲಿಲ್ಲ. “ಅಪ್ಪ ಏನಾದ್ರೂ ಅಂದ್ರಾ?” ಎಂದಷ್ಟೇ ಕೇಳಿದಳು.

ಇದನ್ನು ಹೇಳುತ್ತಾ ಅಕ್ಕ ಕೈಗವಸು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

“ಎಚ್ಚರ ಆದಾಗ ‘ಪುಟ್ಟೀ’ ಅಂತ ಕರೆದ್ರು. ಎರಡು ಸಲ ಕರೆದ್ರು. ನಾನು ‘ಹೂಂ ಅಪ್ಪಾ, ಇಲ್ಲೇ ಇದೀನಿ’ ಅಂದೆ. ತಂಗಿ ಅಂತ ಒಂದು ಸುಳ್ಳು ಹೇಳಿದ್ದೆ, ಮಗಳು ಅಂತ ಇನ್ನೊಂದು. ಅದನ್ನ ಆ ಹುಡುಗಿಗೆ ಹೇಳೋಕೆ ನಾಲಿಗೆ ಏಳ್ಲಿಲ್ಲ. ಆದ್ರೂ ಹೇಳ್ದೆ. ಅವಳು ‘ಪುಟ್ಟಿ ನಾನೇ’ ಅಂದು, ಅಲ್ಲೇ ಬಟ್ಟೆ ರಾಶಿ ಮೇಲೆ ಕೂತು ಅತ್ಳು. ಆಮೇಲೆ ಮೇಲಕ್ಕೆ ಹೋಗಿ, ಇವರನ್ನ ಕೆಲಸದಿಂದ ತೆಗೀಬೇಡಿ ಅಂತ ದೊಡ್ಡ ಡಾಕ್ಟರಿಗೆ ಹೇಳಿದ್ಲಂತೆ.”

ಅಕ್ಕ ವಾರ್ಡಿಗೆ ಮರಳಿದರು. ಕೆಲವು ತಿಂಗಳ ನಂತರ ನಿಯಮವೂ ತುಸು ಬಾಗಿತು. ಈಗ ಯಾರೂ ಇಲ್ಲದವರ ಪರವಾಗಿ ಇಬ್ಬರು ವೈದ್ಯರೇ ಸೇರಿ ತೀರ್ಮಾನಿಸಬಹುದು. ಸುಳ್ಳು ಹೇಳುವ ಅಗತ್ಯವಿಲ್ಲ. ಆದರೂ ಹೆಡ್ ನರ್ಸ್ ಅಂಥ ರೋಗಿ ಬಂದರೆ ಅಕ್ಕನನ್ನೇ ಕರೆಯುತ್ತಾರೆ. ಮೊದಲು ಅಪರೂಪಕ್ಕೊಬ್ಬರು ಬರುತ್ತಿದ್ದರು, ಈಗ ವಾರಕ್ಕೊಬ್ಬರಾದರೂ ಇರುತ್ತಾರೆ. ಎಲ್ಲರೂ ಬಡವರೇನಲ್ಲ. ಫೋನಿನ ತುಂಬ ನಂಬರುಗಳಿದ್ದು, ಬಾ ಎಂದು ಕರೆಯಬಹುದಾದ ಒಂದು ನಂಬರೂ ಇಲ್ಲದವರು.

ನಾವು ಮನೆಗಳನ್ನು ಚಿಕ್ಕದು ಮಾಡಿಕೊಂಡೆವು, ಬದುಕನ್ನು ಚದುರಿಸಿಕೊಂಡೆವು. ಕಾಯಿದೆಗಳು ಮಾತ್ರ ಇನ್ನೂ ತುಂಬಿದ ಮನೆಯನ್ನೇ ನೆನೆಯುತ್ತಾ ಕೂತಿವೆ ಎಂದು ನನಗನ್ನಿಸುತ್ತದೆ. ಅಕ್ಕ ಅದನ್ನೇ ಬೇರೆ ಥರ ಹೇಳುತ್ತಾರೆ. “ರೂಲ್ಸು ಕೆಟ್ಟದ್ದಲ್ಲ. ಹೆಚ್ಚುಕಮ್ಮಿ ಆದ್ರೆ ಡಾಕ್ಟರು ಯಾರಿಗಾದ್ರೂ ಹೇಳ್ಬೇಕಲ್ಲ? ಅದನ್ನ ಬರೆದೋರಿಗೆ ಅಣ್ಣತಮ್ಮಂದಿರು ಬೇಕಾದಷ್ಟಿದ್ರು ಅನ್ಸುತ್ತೆ, ಅಷ್ಟೇ.”

ಸರ್ಕಾರದಿಂದ ಏನು ಬಯಸುತ್ತೀರಿ ಎಂದು ಕೇಳಿದೆ. ಸನ್ಮಾನ ಗಿನ್ಮಾನ ಬೇಡವೆಂದು ಕೈಯಲ್ಲಾಡಿಸುತ್ತಾರೆ.

“ಈ ಬಾಗಿಲ ಹೊರಗೆ ಒಂದು ಬೆಂಚು ಹಾಕಿಸ್ಲಿ. ಒಳಗಿರೋರಿಗೋಸ್ಕರ ಹೊರಗೊಬ್ಬರು ಕೂತಿರಬೇಕು. ನಾನಿಲ್ದೇ ಇದ್ದ ದಿನ ಬೇರೆ ಯಾರಾದ್ರೂ ಕೂತ್ಕೊಳ್ಲಿ.”