ಕೊರಿನ್ ಇಳಿಸದ ದರ

ಲಸಾಲ್ ಬೀದಿಯ ಆ ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ ಯಾರೂ ಯಾವ ಪ್ರಶ್ನೆಗೂ ಒಂದೇ ಉತ್ತರ ಕೊಡುವುದಿಲ್ಲ. ಲಿಫ್ಟು ಎಷ್ಟು ಹೊತ್ತಿಗೆ ಬಂದೀತು ಎಂದು ಕೇಳಿದರೂ ಎರಡು ದರ ಹೇಳಬೇಕು, ತಾನು ಕೊಳ್ಳುವುದೊಂದು, ತಾನು ಮಾರುವುದೊಂದು. ಆ ದರಕ್ಕೆ ಎದುರಿನವನು 'ಕೊಂಡೆ' ಎಂದೋ 'ಮಾರಿದೆ' ಎಂದೋ ಅಂದುಬಿಟ್ಟರೆ ಮುಗಿಯಿತು, ಆಡಿದ ಮಾತನ್ನು ನುಂಗುವಂತಿಲ್ಲ. ನಿಜವಾದ ಉತ್ತರ ತಿಳಿದಾಗ ಸೋತವರು ಮಧ್ಯಾಹ್ನದ ಊಟ ಕೊಡಿಸಬೇಕು. ಗಿರಾಕಿಗಳ ದುಡ್ಡು ಮುಟ್ಟದೆ ತಮ್ಮ ಸ್ವಂತ ಗಂಟಿನಲ್ಲೇ ಗೋಧಿ, ಎಣ್ಣೆ, ಷೇರು ಎಂದು ಕೊಂಡು ಮಾರುವ ಸಂಸ್ಥೆ ಅದು. ಬರಿಯ ಅಭಿಪ್ರಾಯ ಇಟ್ಟುಕೊಂಡವರಿಗೆ ಅಲ್ಲಿ ಕಾಫಿ ಕೂಡ ಯಾರೂ ಬಗ್ಗಿಸಿಕೊಡುವುದಿಲ್ಲ.

ಕೊರಿನ್ ಸ್ಟಾಂಕಸ್ ಆ ಕೋಣೆಯ ಕಟ್ಟಕಡೆಯ ಸಾಲಿನವಳು. ದಿನದ ವ್ಯಾಪಾರ ಮುಗಿದ ಮೇಲೆ ಅವಳ ಕೆಲಸ ಶುರು. ನಮ್ಮವರು ಕೊಂಡೆವು ಅಂದದ್ದನ್ನು ಎದುರಿನವರು ಮಾರಿದೆವು ಅಂದಿದ್ದಾರೋ ಇಲ್ಲವೋ, ತಾಳೆ ನೋಡುವುದು. ಒಂದು ಲೆಕ್ಕದಲ್ಲಿ ಉಂಡವರು ಕೈ ತೊಳೆಯಲು ಎದ್ದ ಮೇಲೆ ಎಲೆ ಎತ್ತುವ ಕೆಲಸ. ಆದರೆ ಬೆಳಗ್ಗೆ ಅವಳು ಬೇಗ ಬರುತ್ತಿದ್ದಳು. ಯಾರೂ ಕರೆದಿರಲಿಲ್ಲ, ಯಾರೂ ಬೇಡ ಅಂದಿರಲಿಲ್ಲ. ಮಾರುಕಟ್ಟೆ ತೆರೆಯುವ ಮುಂಚೆ ಒಂದು ಗಳಿಗೆ ಇಡೀ ಕೋಣೆ ಬಾಯಲ್ಲಿದ್ದದ್ದನ್ನು ಅಗಿಯುವುದನ್ನೂ ನಿಲ್ಲಿಸುತ್ತದೆ. ಆ ಗಳಿಗೆಗಾಗಿ ಬರುತ್ತಿದ್ದಳು. ಅಲ್ಲಿಂದ ಅವಳಿಗೆ ವ್ಯಾಪಾರಿಗಳ ಮುಖ ಕಾಣುತ್ತಿರಲಿಲ್ಲ, ಕಿವಿಗಳು ಕಾಣುತ್ತಿದ್ದವು. ಕಿವಿ ಕೆಂಪಗಾದವನು ಕಳೆದುಕೊಳ್ಳುತ್ತಿದ್ದಾನೆ ಎಂದು ಅರ್ಥ. ಮಿಕ್ಕವರು ಪರದೆ ನೋಡಿ ಲಾಭ ನಷ್ಟ ತಿಳಿದುಕೊಂಡರೆ ಇವಳು ಕಿವಿ ನೋಡಿ ತಿಳಿದುಕೊಳ್ಳುತ್ತಿದ್ದಳು. ತನ್ನ ಕಿವಿ ಹೇಗೆ ಕೆಂಪಗಾದೀತು ಎಂಬ ಯೋಚನೆಯೂ ಬರುತ್ತಿತ್ತು. ಅದಕ್ಕೂ ಅವಳಿಗೆ ಆಸೆಯೇ.

ಊಟದ ಮೇಜಿನ ಆಟದಲ್ಲಿ ಅವಳನ್ನು ಸೋಲಿಸಿದವರು ಕಡಿಮೆ. ಬೇಸ್‌ಬಾಲ್ ಆಟ ಎಷ್ಟು ಹೊತ್ತು ನಡೆದೀತು, ಯಾರ ನಿಶ್ಚಿತಾರ್ಥ ಮುರಿದೀತು, ಎಲ್ಲಕ್ಕೂ ದರ ಹೇಳುತ್ತಿದ್ದಳು. ತಿಳಿದವನೊಬ್ಬ 'ಮಾರಿದೆ' ಅಂದ ತಕ್ಷಣ ಕಣ್ಣು ಮಿಟುಕಿಸದೆ ದರ ಇಳಿಸುತ್ತಿದ್ದಳು. ಈ ಕಸುಬಿನ ಅ ಆ ಇ ಈ ಅದೇ: ನಿನ್ನ ದರಕ್ಕೆ ಯಾರಾದರೂ ಓಡಿಬಂದು ಮಾರಿದರೆ ಅವನಿಗೆ ನಿನಗಿಂತ ಹೆಚ್ಚು ಗೊತ್ತಿದೆ, ಸರಿದುಕೋ.

ಆ ವಸಂತದಲ್ಲಿ ಯಜಮಾನ ಗಸ್ ಪಾಪಾಡಾಕಿಸ್ ಹೊಸದೊಂದು ಮಾತು ಹೊರಡಿಸಿದ. ಪ್ರತಿ ವರ್ಷ ವ್ಯಾಪಾರ ಕಲಿಯಲು ಕಾಲೇಜಿನಿಂದ ತರುವ ಹುಡುಗರ ಜೊತೆಗೆ ಈ ಸಲ ಸಂಸ್ಥೆಯ ಒಳಗಿನವರೊಬ್ಬರಿಗೂ ಕಿಟಕಿ ಪಕ್ಕದ ವ್ಯಾಪಾರಿಗಳ ಸಾಲಿನಲ್ಲಿ ಒಂದು ಜಾಗ, ಬೇಕಾದವರು ಬಂದು ಕೇಳಬಹುದು.

ಮನೆಯಲ್ಲಿ ಕುಗೆಲಿಸ್ ಒಲೆಯಿಂದ ಇಳಿದಿತ್ತು. ಬೆಂದ ಆಲೂಗಡ್ಡೆ, ಹಂದಿಮಾಂಸದ ವಾಸನೆಗೆ ಗಂಡ ರೂಡಿ ಕೈ ಕೂಡ ತೊಳೆಯದೆ ಬಂದು ಕೂತ. ಅವನದು ಟೈರಿನ ಅಂಗಡಿ.

"ಖಾಯಂ ಸಂಬಳ ಬಿಟ್ಟು ಹೋಗ್ತೀಯಾ? ವರ್ಷದಲ್ಲಿ ವ್ಯಾಪಾರ ಕೈಹಿಡಿಲಿಲ್ಲ ಅಂದ್ರೆ ಬಾಗಿಲು ತೋರಿಸ್ತಾರೆ ಅಂತ ನೀನೇ ಹೇಳ್ತಿದ್ದೆ."

"ಹೂಂ."

"ಹಳೇ ಕುರ್ಚಿ?"

"ಅಷ್ಟ್ರಲ್ಲಿ ಬೇರೆಯವ್ರು ಕೂತಿರ್ತಾರೆ."

"ಲೆಕ್ಕ ಹಾಕಿದ್ಯಾ?"

"ಹಾಕ್ದೆ. ಲೆಕ್ಕದ ಪ್ರಕಾರ ಹೋಗ್ಬಾರ್ದು."

"ಅಂದ್ರೆ ಹೋಗ್ತೀಯ."

"ಅಂದ್ರೆ ಹೋಗ್ತೀನಿ."

ರೂಡಿ ಇನ್ನೊಂದು ತುಂಡು ತಟ್ಟೆಗೆ ಹಾಕಿಕೊಂಡ. "ಆಯ್ತು ಮಹರಾಯ್ತಿ. ಆದ್ರೆ ನಾನು ಟೈರ್ ಮಾರೋನು ಹೇಳ್ತೀನಿ ಕೇಳು. ಬೇಕೇ ಬೇಕು ಅಂತ ಮುಖದ ಮೇಲೆ ಬರ್ಕೊಂಡು ಬಂದವ್ರಿಗೆ ನಾನು ಒಂದು ಡಾಲರೂ ಬಿಡಲ್ಲ. ಮುಖ ಒರೆಸ್ಕೊಂಡು ಹೋಗು."

"ಮುಖದ ಮೇಲೆ ಏನಿದೆ?"

"ಇಡೀ ಕಿಟಕಿ ಪಕ್ಕದ ಕುರ್ಚಿ ಇದೆ."

ಶುಕ್ರವಾರ ಮಧ್ಯಾಹ್ನ ಮಾರುಕಟ್ಟೆ ಮುಚ್ಚಿದ ಮೇಲೆ ಗಸ್ ಅವಳನ್ನು ಒಳಗೆ ಕರೆದ. ವ್ಯಾಪಾರವೆಲ್ಲ ಕೂಗಾಟದಲ್ಲೇ ನಡೆಯುತ್ತಿದ್ದ ಕಾಲದಲ್ಲಿ ಮೆಕ್ಕೆಜೋಳದ ಪಿಟ್ಟು ಎಂಬ ವ್ಯಾಪಾರದ ಕಟ್ಟೆಯಲ್ಲಿ ನಿಂತು ಗಂಟಲು ಕಳೆದುಕೊಂಡ ಮನುಷ್ಯ ಅವನು. ಈಗ ಗುಟ್ಟು ಹೇಳುವ ಧ್ವನಿಯಲ್ಲೇ ಬೈಯುತ್ತಾನೆ. ಕೊರಿನ್ ಓದಿಕೊಂಡು ಬಂದಿದ್ದ ಸಂಭವನೀಯತೆಯ ಲೆಕ್ಕಗಳಲ್ಲಿ ಒಂದನ್ನೂ ಅವನು ಕೇಳಲಿಲ್ಲ.

"ನಿನ್ನ ವಿಷಯ ನೀನು ಒಳಗೆ ಬರೋ ಮುಂಚೆನೇ ತೀರ್ಮಾನ ಮಾಡಿದೀನಿ. ಜಾಗ ಕೊಡ್ತೀನಿ ಅಂತಿದ್ರೆ ನೂರು, ಇಲ್ಲ ಅಂತಿದ್ರೆ ಸೊನ್ನೆ. ದರ ಹೇಳಮ್ಮ."

ಕೊರಿನ್ ಕೈ ಮಡಿಲಲ್ಲಿಟ್ಟುಕೊಂಡಳು. "ಕೊಳ್ಳೋದು ಎಪ್ಪತ್ತು. ಮಾರೋದು ಎಂಬತ್ತು."

"ಎಪ್ಪತ್ತಕ್ಕೆ ಮಾರಿದೆ," ಅಂದ ಗಸ್.

ತೀರ್ಮಾನ ತಿಳಿದ ಮನುಷ್ಯನೇ ಮಾರುತ್ತಿದ್ದಾನೆ, ಅಂದರೆ ಉತ್ತರ ಸೊನ್ನೆಯೇ ಇರಬೇಕು. ಈಗ ನಲವತ್ತು ಅನ್ನಬೇಕು, ಮೂವತ್ತು ಅಂದರೂ ನಡೆದೀತು. ಅದು ಅವಳಿಗೆ ಗೊತ್ತಿತ್ತು, ಊಟದ ಮೇಜಿನಲ್ಲಿ ನೂರು ಜನಕ್ಕೆ ಅವಳೇ ಹೇಳಿಕೊಟ್ಟಿದ್ದ ಮಾತು.

"ಈಗ?"

"ಎಪ್ಪತ್ತು, ಎಂಬತ್ತು."

"ಮತ್ತೆ ಮಾರಿದೆ. ಈಗ?"

"ಎಪ್ಪತ್ತು."

ಮಾರುವ ದರವನ್ನು ಹೇಳುವುದನ್ನೇ ಅವಳು ಮರೆತಿದ್ದಳು. ಗಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಮಾರ್ತಾ ಇರೋದು ಯಾರು, ಕೊರಿನ್?"

"ನೀವು."

"ನಂಗೆ ಏನು ಗೊತ್ತು?"

"ಎಲ್ಲಾ."

"ಮತ್ತೆ?"

"ಗೊತ್ತು ಗಸ್. ನಲವತ್ತು ಅನ್ಬೇಕಿತ್ತು. ಆದ್ರೆ ಬೇರೆ ಯಾರಾದ್ರೂ ಅನ್ಲಿ. ನನ್ನ ಬಾಯಿಂದ ನಾನೇ ಹೆಂಗೆ ಅನ್ಲಿ?"

ಗಸ್ ಕನ್ನಡಕದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. "ಕೊಡ್ತೀನಿ ಅಂತಲೇ ಇತ್ತು. ನಿನ್ನ ಅಲ್ಲಾಡಿಸೋಣ ಅಂತ ಮಾರ್ದೆ. ನೀನು ಸರಿದುಕೊಂಡಿದ್ರೆ ಸೋಮವಾರ ಕಿಟಕಿ ಪಕ್ಕ ಕೂರ್ತಿದ್ದೆ."

"ಹಂಗಾದ್ರೆ ನಾನು ಕೊಂಡಿದ್ದು ಸರಿಯಾಗೇ ಇತ್ತಲ್ಲ!"

"ಸರಿಯಾಗೇ ಇತ್ತು. ಅದಕ್ಕೇ ನಂಗೆ ಭಯ. ನಾಳೆ ಗೋಧಿ ಬೀಳ್ತಾ ಇರುತ್ತೆ, ಮಾರೋನಿಗೆ ಎಲ್ಲಾ ಗೊತ್ತಿರುತ್ತೆ, ನೀನು ಪ್ರೀತಿಯಿಂದ ಕೊಳ್ತಾ ಕೂತಿರ್ತೀಯ."

"ಗೋಧಿ ಮೇಲೆ ನಂಗೇನು ಪ್ರೀತಿ? ಬಿದ್ರೆ ಬೀಳ್ಲಿ, ನಿಮಿಷದಲ್ಲಿ ಇಳಿಸ್ತೀನಿ."

"ಈಗ ಇಲ್ಲ. ಆ ಕುರ್ಚೀಲಿ ಕೂತ ಮೇಲೆ, ಅದನ್ನ ಉಳಿಸ್ಕೊಳ್ಳೋಕೆ ಗೋಧಿನೂ ಬೇಕೇ ಬೇಕು ಅನ್ಸುತ್ತೆ." ಅವನು ಕನ್ನಡಕ ಹಾಕಿಕೊಂಡ. ಧ್ವನಿ ಇನ್ನೂ ಇಳಿಯಿತು. "ನಿನ್ನ ಹಳೇ ಕುರ್ಚಿ ನಿಂದೇ ಇರ್ಲಿ. ಊಟ ನಾನೇ ಕೊಡಿಸ್ತೀನಿ, ಆಟದಲ್ಲಿ ಮೋಸ ಮಾಡಿದ್ದು ನಾನು."

ಕೊರಿನ್ ಥ್ಯಾಂಕ್ಸ್ ಹೇಳಿ ಎದ್ದಳು. ಹೊರಗೆ ಬಂದು ಆ ದಿನದ ತಾಳೆಗೆ ಕೂತಳು. ಒಂದು ತಪ್ಪೂ ಆಗಲಿಲ್ಲ, ಅದೇ ಅವಳಿಗೆ ಸಿಟ್ಟು ತರಿಸಿತು.

ರೂಡಿ ಅಂಗಡಿಯ ಗಾಡಿಯಲ್ಲಿ ಕರೆದುಕೊಂಡು ಹೋಗಲು ಬಂದಿದ್ದ. ಆರ್ಚರ್ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಸಂಬಳ ಉಳಿಯಿತೆಂದು ಅವನ ಭುಜ ಸಡಿಲವಾದದ್ದು ಅವಳಿಗೆ ಕಂಡಿತು. ಕಂಡದ್ದು ಅವನಿಗೂ ತಿಳಿದು ನಾಚಿಕೊಂಡ.

"ಒಂದೇ ಒಂದು ಸಲ ನಲವತ್ತು ಅಂದಿದ್ರೆ ಆಗೋಗ್ತಿತ್ತಾ?"

"ಆಗ್ತಿತ್ತು."

"ಬಾಯಿ ಸವೀತಿತ್ತಾ ನಿಂಗೆ?"

ಗಾಡಿ ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಿತು.

"ಸರಿ," ಅಂದ ರೂಡಿ, ಈ ಸಲ ತಮಾಷೆಯಿಲ್ಲದೆ. "ಈಗ ಎಲ್ಲಾ ಗೊತ್ತಾಯ್ತಲ್ಲ. ಆ ಮುದುಕ ಸೋಮವಾರ ಮತ್ತೆ ಕೂರಿಸ್ಕೊಂಡು ಕೇಳ್ತಾನೆ ಅನ್ಕೋ. ಮಾರಿದೆ ಅಂತಾನೆ. ಏನು ಹೇಳ್ತೀಯ?"

ಕೊರಿನ್ ಎದುರಿನ ಗಾಡಿಗಳ ಕೆಂಪು ದೀಪಗಳನ್ನು ನೋಡುತ್ತ ನಿಜವಾಗಿಯೂ ಯೋಚಿಸಿದಳು.

"ಎಪ್ಪತ್ತು," ಅಂದಳು. ಸ್ವಲ್ಪ ತಡೆದು, "ಎಪ್ಪತ್ತೈದು ಅಂದ್ರೂ ಅಂದೇನು."