ನೂರು ಪದದ ಕಂಡಕ್ಟರ್

ನಮ್ಮ ವಾಟ್ಸಾಪ್ ಕಥಾ ಗುಂಪಿನ ಅಡ್ಮಿನ್ ಹೊಸದುರ್ಗದವರು, ನಿವೃತ್ತ ಬಸ್ ಕಂಡಕ್ಟರ್. ಸೋಮವಾರ ವಿಷಯ ಕೊಡುತ್ತಿದ್ದರು. ಭಾನುವಾರ ಸಂಜೆ ಆರರೊಳಗೆ ನೂರು ಪದದ ಕಥೆ ಕಳಿಸಬೇಕು. ಒಂದು ಪದ ಹೆಚ್ಚಾದರೂ "ಸೀಟಿಲ್ಲ, ಇಳಿಸ್ರಿ" ಎನ್ನುತ್ತಿದ್ದರು. ಸರಿಯಿದ್ದರೆ "ರೈಟ್". ಹೊಗಳಿಕೆ ಅಷ್ಟೇ. ಒಂದು ವಾರವೂ ಸ್ಪರ್ಧೆ ತಪ್ಪಿಸಿಲ್ಲ ಎಂಬುದೇ ಅವರ ಹೆಮ್ಮೆ.

ಗುಂಪಿನಲ್ಲಿ ಹೆಚ್ಚು ಸಲ ಗೆದ್ದವನು ನಾನೇ. ಅವರ ಆ ಹೆಮ್ಮೆ ಮುರಿಯಬಲ್ಲವನೂ ನಾನೇ ಎಂದುಕೊಂಡೆ. ಒಂದು ವಾರ ಎಲ್ಲರಿಗೂ ಗುಟ್ಟಾಗಿ ಫೋನ್ ಮಾಡಿ, ಯಾರೂ ಕಥೆ ಕಳಿಸದಂತೆ ಒಪ್ಪಿಸಿದೆ.

ಆರಕ್ಕೆ ಸರಿಯಾಗಿ ಅಡ್ಮಿನ್ನರೇ ಬರೆದ ಕಥೆ ಬಂತು, ಅವರ ಮೊದಲ ಕಥೆ. ಕೆಳಗೆ ಅವರದೇ ತೀರ್ಪು: "ನಾಲ್ಕು ಪದ ಜಾಸ್ತಿ ಐತೆ, ಸೀಟಿಲ್ಲ. ಖಾಲಿ ಗಾಡಿನೂ ಟೈಮಿಗೆ ಬಿಡ್ಬೇಕಲ್ರಿ. ರೈಟ್."

ಮನಸ್ಸು ತಡೆಯದೆ, ಬರೆದಿಟ್ಟಿದ್ದ ನನ್ನ ಕಥೆಯನ್ನು ಆರೂ ಐದಕ್ಕೆ ಕಳಿಸಿದೆ.

"ಗಾಡಿ ಹೋಯ್ತು ಯಜಮಾನ್ರೇ," ಎಂದರು. "ನಾಳೆ ಬರ್ರಿ."